ಮಕ್ತಲ್‌ನ ಕಣ್ಣು, ಗದ್ವಾಲದ ಕ್ಯಾಮೆರಾ

ಶಿವಕಾಂತನ ಕ್ಯಾಮೆರಾದ ಲೆನ್ಸಿನ ಮಗ್ಗುಲಲ್ಲಿ ಒಂದು ಸಣ್ಣ ಸ್ವಿಚ್ ಇದೆ. ಒಂದು ಕಡೆ ಸರಿಸಿದರೆ ಕ್ಯಾಮೆರಾ ತಾನೇ ಫೋಕಸ್ ಮಾಡಿಕೊಳ್ಳುತ್ತದೆ, ಇನ್ನೊಂದು ಕಡೆ ಸರಿಸಿದರೆ ಮನುಷ್ಯ ಕೈಯಿಂದ ಲೆನ್ಸ್ ತಿರುಗಿಸಿ ಮಾಡಬೇಕು. ಶಿವಕಾಂತ ಅದನ್ನು ಮನುಷ್ಯನ ಕಡೆಗೆ ಸರಿಸಿ, ಮತ್ತೆ ಯಾರ ಬೆರಳೂ ತಾಗದಿರಲೆಂದು ಮೇಲೆ ವೈರಿಗೆ ಸುತ್ತುವ ಕರಿ ಟೇಪು ಅಂಟಿಸಿಬಿಟ್ಟಿದ್ದ. ಟೇಪು ಹಳತಾದರೆ ಹೊಸ ಟೇಪು ಬರುತ್ತಿತ್ತೇ ಹೊರತು ಸ್ವಿಚ್ಚಿಗೆ ಬಿಡುಗಡೆ ಇರಲಿಲ್ಲ.

"ಫೋಕಸ್ ಅನ್ನೋದು ಕೈಯಾಗ ಇರಬೇಕು," ಎಂದು ಮಕ್ತಲ್ ಬಸ್ ಸ್ಟ್ಯಾಂಡಿನ ಎದುರಿನ ತನ್ನ ಸ್ಟುಡಿಯೋದಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದ. "ಮಷೀನ್ ಮ್ಯಾಲೆ ಬಿಟ್ರ ಅದು ಮದಿಮಗಳ್ನ ಬಿಟ್ಟು ಹಿಂದಿನ ಕುರ್ಚಿ ಹಿಡೀತೈತಿ. ಆಮ್ಯಾಲ ಕುರ್ಚಿಗೇ ಆಲ್ಬಂ ಕೊಡಬೇಕಾಗ್ತೈತಿ."

ಅಪ್ಪನ ರೀಲಿನ ಕ್ಯಾಮೆರಾದಲ್ಲಿ ಕಲಿತ ವಿದ್ಯೆ ಅದು. ಮದುವೆ ಮಂಟಪದಲ್ಲಿ ಬೇರೆಯವರ ಕ್ಯಾಮೆರಾ 'ಬೀಪ್' ಎಂದರೆ ಸಾಕು, ಶಿವಕಾಂತ ಆ ಕಡೆಗೊಮ್ಮೆ ಕರುಣೆಯಿಂದ ನೋಡುತ್ತಿದ್ದ. ಹೆಮ್ಮೆ ಸುಮ್ಮನೆ ಬಂದದ್ದಲ್ಲ. ನಾರಾಯಣಪೇಟೆಯಿಂದ ಗದ್ವಾಲದವರೆಗೆ ಅವನ ಆಲ್ಬಮ್ಮಿಗೆ ಹೆಸರಿತ್ತು. ಒಂದಾದರೂ ವಾಪಸ್ ಬಂದದ್ದಿಲ್ಲ.

ಈ ಬೇಸಿಗೆಯ ಕೊನೆಗೆ ಒಂದು ಬಂತು. ನಾರಾಯಣಪೇಟೆ ಕಡೆಯ ಮದ್ದೂರಿನ ಮದುವೆಯದು. ಹುಡುಗಿಯ ಸೋದರಮಾವ ಅದನ್ನು ಹೊತ್ತು ತಂದು ಮೇಜಿನ ಮೇಲೆ ಕುಕ್ಕಿದ.

"ಏನ್ರಿ ಇದು? ಹುಡುಗಿ ಮಾರಿ ಮ್ಯಾಲೆಲ್ಲ ಮಂಜು ಕುಂತೈತಿ. ನಾವು ಉರಿ ಬಿಸಿಲಾಗ ಮದುವಿ ಮಾಡೀವ್ರಿ. ಮಂಜು ಎಲ್ಲಿಂದ ಬಂತು?"

ಶಿವಕಾಂತ ಆಲ್ಬಂ ತೆರೆದು, ಎರಡೂ ಕೈ ಚಾಚಿ, ದೂರ ಹಿಡಿದು ನೋಡಿದ. ಮಂಜೇನೋ ಇತ್ತು. ಆ ಮದುವೆಯ ಹೊತ್ತಿಗೆ ಹೆಂಡತಿ ಉಮಾಶ್ರೀ ತಂಗಿಯ ಬಾಣಂತನಕ್ಕೆಂದು ಉಟ್ಕೂರಿಗೆ ಹೋಗಿದ್ದಳು. ಆಲ್ಬಮ್ಮಿನ ಹಾಳೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ ಅವಳದು. ಪಾರ್ಟಿಯವರು ಅವಸರ ಮಾಡಿದರೆಂದು ಇವನೇ ಫೋಟೋಗಳನ್ನು ಇದ್ದದ್ದು ಇದ್ದ ಹಾಗೆ ಲ್ಯಾಬಿಗೆ ಕಳಿಸಿದ್ದ. ಆದರೆ ಜೋಡಿಸುವವರು ಇಲ್ಲದಿದ್ದರೆ ಮಂಜು ಯಾಕೆ ಬೀಳಬೇಕು? ಹಾಗಾಗಿ ಆ ವಿಷಯ ಅವನ ಲೆಕ್ಕಕ್ಕೇ ಬರಲಿಲ್ಲ.

ತಪ್ಪು ಯಾರದೆಂದು ಹುಡುಕಿದ. ತನ್ನ ಕೈಯದು ಅಲ್ಲ. ಕಣ್ಣಿನದಂತೂ ಅಲ್ಲವೇ ಅಲ್ಲ. ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ಅದರ ಬೋರ್ಡು ಓದಿ ಹೇಳುವ ಗಂಡಸು ಮಕ್ತಲ್‌ನಲ್ಲಿ ಅವನೊಬ್ಬನೇ. ಉಳಿದದ್ದು ಕ್ಯಾಮೆರಾ. ಅದಕ್ಕೆ ಕಣ್ಣು ಹಚ್ಚಿ ನೋಡಿದರೆ ಎರಡು ವರ್ಷದಿಂದ ಒಳಗೆಲ್ಲ ಮಸುಕು. ಊದಿ ನೋಡಿದ್ದ, ಬನಿಯನ್ನಿನ ತುದಿಯಿಂದ ಒರೆಸಿ ನೋಡಿದ್ದ, ಅಮಾವಾಸ್ಯೆಗೆ ನಿಂಬೆಹಣ್ಣನ್ನೂ ಇಳಿಸಿದ್ದ. ಮಸುಕು ಜಪ್ಪಯ್ಯ ಅನ್ನಲಿಲ್ಲ.

"ಪಾಪ, ಇದಕ್ಕ ವಯಸ್ಸಾತು," ಎಂದು ಕ್ಯಾಮೆರಾದ ಬೆನ್ನು ಸವರಿದ.

ಅದೇ ವಾರ ನಾರಾಯಣಪೇಟೆಯ ಚನ್ನವೀರಮ್ಮ ಫೋನು ಮಾಡಿದಳು. ಸೀರೆ ವ್ಯಾಪಾರದ ದೊಡ್ಡ ಮನೆಯ ಯಜಮಾನಿ. ಶ್ರಾವಣದಲ್ಲಿ ಮಗಳ ಮದುವೆ. ನಾರಾಯಣಪೇಟೆ ಜಿಲ್ಲೆಯಾದ ಮೇಲೆ ಅಲ್ಲಿನ ಮದುವೆಗಳಿಗೆ ಕೊಬ್ಬು ಬಂದಿತ್ತು. ಡ್ರೋನು ಹಾರಬೇಕು, ಹುಡುಗ ಹುಡುಗಿ ಮದುವೆಗೆ ಮೊದಲೇ ಜೂರಾಲ ಡ್ಯಾಮಿನ ಮುಂದೆ ಕೈ ಕೈ ಹಿಡಿದು ಓಡಬೇಕು.

"ನಿಮ್ಮ ಕಡೆ ಫುಲ್ ಫ್ರೇಮ್ ಕ್ಯಾಮೆರಾ ಐತೇನ್ರಿ?" ಎಂದಳು ಚನ್ನವೀರಮ್ಮ.

"ಫುಲ್ ಫ್ರೇಮ್ ಅಂದ್ರ ಏನಂತ ಗೊತ್ತೇನ್ರಿ ಅಮ್ಮಾ?"

"ನನಗ್ಯಾಕ ಗೊತ್ತಿರಬೇಕು? ನಮ್ಮ ಬೀಗರು ಅಂದಾರ. ಇದ್ರ ಬರ್ರಿ, ಇಲ್ದಿದ್ರ ಬ್ಯಾರೆಯವ್ರನ್ನ ನೋಡ್ತೀವಿ. ಬರೋ ಸೋಮವಾರ ಹೇಳಿಬಿಡ್ರಿ."

ಅದೇನೆಂದು ಬಿಡಿಸಿ ಹೇಳಿದವನು ನಾರಾಯಣಪೇಟೆಯ ಗುರುಪ್ರಸಾದ. ಇವನೂ ಮದುವೆ ಫೋಟೋದವನೇ. ಹೊಸ ಕ್ಯಾಮೆರಾ ಯಾವುದು ಬರಲಿ, ಅದರ ಬಗ್ಗೆ ಯೂಟ್ಯೂಬಿನಲ್ಲಿ ಇರುವುದೆಲ್ಲ ನೋಡಿ ಮುಗಿಸುತ್ತಿದ್ದ. ಕೊಳ್ಳುವುದು ಮಾತ್ರ ಇರಲಿಲ್ಲ. ಕೊಳ್ಳುವಷ್ಟರಲ್ಲಿ ಅದಕ್ಕಿಂತ ಒಳ್ಳೆಯದು ಬರುವ ಸುದ್ದಿ ಇರುತ್ತಿತ್ತು.

"ಅಣ್ಣಾ, ಕ್ಯಾಮೆರಾ ಒಳಗ ಚಿತ್ರ ಬೀಳೋ ಜಾಗ ಇರ್ತೈತಲ್ಲ, ನಮ್ದು ಸಣ್ಣದು. ಫುಲ್ ಫ್ರೇಮ್‌ದಾಗ ಅದು ಹಳೆ ರೀಲಿನಷ್ಟ ಅಗಲ. ಮಂಟಪದಾಗ ಕರೆಂಟ್ ಹೋದ್ರೂ ಚಿತ್ರ ಬರ್ತೈತಿ."

"ಅಂದ್ರ ನಮ್ಮಪ್ಪನ ಕ್ಯಾಮೆರಾ ಮೊದಲಿಂದ ಫುಲ್ ಫ್ರೇಮೇ?"

"ಹೌದಣ್ಣಾ."

"ಅದನ್ನ ಕೊಟ್ಟು ಅಲ್ಯೂಮಿನಿಯಂ ಬುಟ್ಟಿ ತಗೊಂಡ್ವಲ್ಲೋ!"

ಶಿವಕಾಂತ ಅಂದೇ ಮನಸ್ಸು ಮಾಡಿಬಿಟ್ಟ. ಆದರೆ ಕ್ಯಾಮೆರಾ ಗಾಳಿಯಲ್ಲಿ ಬರುವುದಿಲ್ಲ. ಸ್ಟುಡಿಯೋದ ಮುಂದಿನ ಅರ್ಧ ಖೋಲಿಯನ್ನು ಮೊಬೈಲ್ ರಿಪೇರಿಯ ವೆಂಕಪ್ಪ ಬಹಳ ದಿನದಿಂದ ಬಾಡಿಗೆಗೆ ಕೇಳುತ್ತಿದ್ದ. ದೊಡ್ಡ ಅಡ್ವಾನ್ಸ್ ಕೊಡುವುದಾಗಿಯೂ ಹೇಳಿದ್ದ. ತೊಡಕೊಂದೇ. ಆ ಅರ್ಧದಲ್ಲಿ ಉಮಾಶ್ರೀ ಇದ್ದಳು. ರಸ್ತೆಯ ಕಡೆಗೊಂದು ಕಿಟಕಿ, ಕಿಟಕಿಯ ಕೆಳಗೆ ಅವಳ ಹೊಲಿಗೆ ಮಷೀನು, ಅದರ ಪಕ್ಕಕ್ಕೆ ಕಂಪ್ಯೂಟರು. ಹಗಲೆಲ್ಲ ರವಿಕೆ ಹೊಲಿಯುತ್ತಿದ್ದಳು, ನಡುನಡುವೆ ಆಲ್ಬಂ ಜೋಡಿಸುತ್ತಿದ್ದಳು. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಆ ಮನೆಯಲ್ಲಿ ಅವಳು ತನ್ನದೆಂದು ಕೇಳಿ ಪಡೆದದ್ದು ಆ ಕಿಟಕಿಯೊಂದನ್ನೇ.

"ನನ್ನ ಮಷೀನ್ ಎಲ್ಲಿಡ್ಲಿ?" ಎಂದಳು.

"ಹಿಂದಿನ ಖೋಲ್ಯಾಗ."

"ಅಲ್ಲಿ ಬೆಳಕಿಲ್ರಿ."

"ಟ್ಯೂಬ್‌ಲೈಟ್ ಹಾಕಿಸಿಕೊಡ್ತೀನಲ್ಲ. ಇದು ನನ್ನ ಮಾನದ ಪ್ರಶ್ನಿ, ಉಮಾ. ಮದ್ದೂರಿನವ್ರು ಮಾರಿ ಮ್ಯಾಲೆ ಹೊಡದಂಗ ಹೇಳಿ ಹೋದ್ರು. ಹೊಸ ಕ್ಯಾಮೆರಾ ಬರಲಿಲ್ಲಂದ್ರ ನಾನು ಅಂಗಡಿ ಮುಚ್ಚಬೇಕಾಗ್ತೈತಿ."

ಉಮಾಶ್ರೀ ಕೈಯಲ್ಲಿದ್ದ ಸೂಜಿಯನ್ನು ಅವನ ಕಡೆ ಚಾಚಿದಳು. ಹೊಸದಾಗಿ ಮದುವೆಯಾದಾಗ ದಿನಾ ಬೆಳಿಗ್ಗೆ ಅವಳ ಸೂಜಿಗಳಿಗೆಲ್ಲ ಬಣ್ಣಬಣ್ಣದ ದಾರ ಪೋಣಿಸಿ ಕೊಡುತ್ತಿದ್ದವನು ಅವನೇ. ಹುಡುಗಿಯ ಮನಸ್ಸು ಗೆಲ್ಲಲು ಶಿವಕಾಂತ ಕಂಡುಕೊಂಡ ಉಪಾಯ ಅದು, ಮತ್ತು ಆ ಉಪಾಯ ಫಲಿಸಿತ್ತು.

"ಇದಕ್ಕೊಂದು ಹಸಿರು ದಾರ ಹಾಕಿಕೊಡ್ರಿ."

"ಪುರುಸೊತ್ತಿಲ್ಲ ಉಮಾ, ಗದ್ವಾಲದ ಬಸ್ಸಿನ ಹೊತ್ತಾತು," ಎಂದು ಶಿವಕಾಂತ ಹಳೆಯ ಕ್ಯಾಮೆರಾದ ಚೀಲ ಹೆಗಲಿಗೇರಿಸಿ ಎದ್ದ. ಅವಳೇ ಪೋಣಿಸಿಕೊಂಡಳು.

ಗದ್ವಾಲದಲ್ಲಿ ಮಾರೆಪ್ಪನಿದ್ದ. ಕುರಿ ಕಾಯ್ದ ಮನೆತನದಲ್ಲಿ ಕ್ಯಾಮೆರಾ ಹಿಡಿದ ಮೊದಲಿಗ, ಬೀರಪ್ಪನ ಭಕ್ತ, ಮಾತು ಕಡಿಮೆ. ಆ ಸೀಮೆಯಲ್ಲಿ ಫುಲ್ ಫ್ರೇಮ್ ಕೊಂಡ ಮೊದಲಿಗನೂ ಅವನೇ. ಕೊಳ್ಳುವ ಮುನ್ನ ಅವನದನ್ನೊಮ್ಮೆ ಹಿಡಿದು ನೋಡೋಣವೆಂದು ಶಿವಕಾಂತ ಹೊರಟರೆ, ನಾರಾಯಣಪೇಟೆಯಿಂದ ಬಂದ ಗುರುಪ್ರಸಾದನೂ ಜೊತೆಗೂಡಿದ. ಬಸ್ಸು ಡ್ಯಾಮಿನ ಮೇಲೆ ದಾಟುವವರೆಗೂ ಅವನ ಬಾಯಿ ನಿಲ್ಲಲಿಲ್ಲ. ಈ ಬಾಡಿ ತಗೊಂಡರೆ ಬ್ಯಾಟರಿ ಸಾಲದು, ಆ ಬಾಡಿ ತಗೊಂಡರೆ ಕಾರ್ಡು ಒಂದೇ ಹಿಡಿಯುತ್ತದೆ, ಹಳೆಯ ಲೆನ್ಸು ಹಾಕಿದರೆ ಚಿತ್ರದ ಮೂಲೆಗಳು ಕಪ್ಪಾಗುತ್ತವೆ, ಹೊಸ ಲೆನ್ಸು ಕೊಂಡರೆ ಮನೆಯ ಮೂಲೆಗಳು ಖಾಲಿಯಾಗುತ್ತವೆ. ಪಕ್ಕದ ಸೀಟಿನಲ್ಲಿದ್ದ ಮುದುಕಿ ಇವರು ಎಮ್ಮೆ ಕೊಳ್ಳಲು ಹೊರಟವರೆಂದು ತಿಳಿದು, "ಹಾಲು ಎಷ್ಟು ಕೊಡ್ತೈತಪ್ಪಾ?" ಎಂದು ಕೇಳಿದಳು.

ಕೋಟೆಯ ಗೋಡೆ ಕಾಣುವ ಬೀದಿಯಲ್ಲಿ ಮಾರೆಪ್ಪನ ಸ್ಟುಡಿಯೋ. ಹೊಸ ಕ್ಯಾಮೆರಾ ಕೆಂಪು ಬಟ್ಟೆಯ ಮೇಲೆ ಕೂತಿತ್ತು, ನೆತ್ತಿಗೆ ಬೀರಪ್ಪನ ಅರಿಶಿನ ಭಂಡಾರದ ಬೊಟ್ಟು ಹಚ್ಚಿಸಿಕೊಂಡು. ಚಹಾ ಬಂತು. ಎರಡು ವರ್ಷದ ಮಸುಕು, ವಾಪಸ್ ಬಂದ ಮದ್ದೂರಿನ ಆಲ್ಬಂ, ಎಲ್ಲವನ್ನೂ ಶಿವಕಾಂತ ಹೇಳಿಕೊಂಡ. ಮಾರೆಪ್ಪ ಓದುವ ಕನ್ನಡಕವನ್ನು, ಅಂದರೆ ಚಾಳೀಸನ್ನು, ಹಣೆಯ ಮೇಲೇರಿಸಿ, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟ.

"ಛಲೋ ಐತಿ. ಕತ್ತಲದಾಗ ಬರ್ತೈತಿ."

"ಮತ್ತ ತೊಂದ್ರಿ?"

"ಕುತ್ತಿಗಿ ನೋಯ್ತೈತಿ. ಫೋಟೋ ಭಾರಕ್ಕ ಕಂಪ್ಯೂಟರ್ ಅಳ್ತೈತಿ. ಮತ್ತ ಭಾಳ ಕಾಣಿಸ್ತೈತಿ. ಮೊನ್ನೆ ಒಬ್ಬ ಅತ್ತಿ ಮಾರಿ ಮ್ಯಾಲೆ ಪೌಡರ್ ಎಲ್ಲಿ ಮುಗೀತು, ಚರ್ಮ ಎಲ್ಲಿ ಸುರು ಆತು, ಎಲ್ಲಾ ಬಂದಿತ್ತು. ಬೈದ್ಳು."

ಶಿವಕಾಂತ ಕೈ ತೊಳೆದು ಬಂದು ಕ್ಯಾಮೆರಾ ಎತ್ತಿದ. ಮೊದಲು ಲೆನ್ಸಿನ ಸ್ವಿಚ್ಚನ್ನು ಮನುಷ್ಯನ ಕಡೆಗೆ ಸರಿಸಿದ. ಆಮೇಲೆ ಕಣ್ಣು ಹಚ್ಚಿ, ಎದುರಿನ ಸೀರೆ ಅಂಗಡಿಯ ಕಡೆ ತಿರುಗಿಸಿ, ಮೆಲ್ಲಗೆ ಫೋಕಸ್ ಮಾಡಿದ.

ಅವನ ಬಾಯಿ ತೆರೆದದ್ದು ತೆರೆದೇ ಇತ್ತು. ಬಾಗಿಲಿಗೆ ತೂಗುಹಾಕಿದ ಗದ್ವಾಲ ಸೀರೆಯ ನೂಲಿನ ಒಡಲು ಮುಗಿದು ರೇಷ್ಮೆಯ ಅಂಚು ಕೂಡುವ ಜಾಗ ಎಳೆ ಎಳೆಯಾಗಿ ಕಂಡಿತು. ಅಂಗಡಿಯವನ ಮೀಸೆಯಲ್ಲಿ ಒಂದು ಬಿಳಿಗೂದಲು ಕಂಡಿತು. ಎರಡು ವರ್ಷದ ಮಸುಕು ಎಲ್ಲಿಗೆ ಹೋಯಿತೋ! ಹಿಂದೆ ಅಪ್ಪನ ಕ್ಯಾಮೆರಾದಲ್ಲಿ ಹೀಗೇ ಕಾಣುತ್ತಿತ್ತು.

"ಮಾರೆಪ್ಪಾ, ಇದು ಕ್ಯಾಮೆರಾ ಅಲ್ಲೋ, ಸಾಕ್ಷಾತ್ ಶಿವನ ಮೂರನೇ ಕಣ್ಣು! ನಾನು ತಗೊಳ್ಳೋದು ಖರೇ. ಇವತ್ತ ವೆಂಕಪ್ಪಗ ಹೇಳಿಬಿಡ್ತೀನಿ." ಹೇಳಿಯೂಬಿಟ್ಟ. ಜೇಬಿನಿಂದ ಫೋನು ತೆಗೆದು, ಅಳತೆಯ ಟೇಪು ತೆಗೆದುಕೊಂಡು ಸಂಜೆ ಸ್ಟುಡಿಯೋಗೆ ಬರಲು ವೆಂಕಪ್ಪನಿಗೆ ಅಲ್ಲಿಂದಲೇ ತಿಳಿಸಿದ.

ಈಗ ಗುರುಪ್ರಸಾದನ ಸರದಿ. ಅವನು ಕಣ್ಣು ಹಚ್ಚಿದ, ತೆಗೆದ, ಉಜ್ಜಿಕೊಂಡ, ಮತ್ತೆ ಹಚ್ಚಿದ.

"ಮಾರೆಪ್ಪಣ್ಣಾ, ನಿನಗ ಡಿಫೆಕ್ಟ್ ಪೀಸ್ ಕೊಟ್ಟಾರ. ಎಲ್ಲಾ ಮಬ್ಬು."

"ಮಬ್ಬೇ?" ಶಿವಕಾಂತನಿಗೆ ಮೈಯೆಲ್ಲ ಉರಿಯಿತು. "ಲೇ, ಅಂಗಡಿಯವನ ಮೀಸಿ ಕಾಣಿಸ್ತೈತಲ್ಲೋ!"

"ಮೀಸಿ ಏನು, ಅಂಗಡಿನ ಕಾಣಿಸಂಗಿಲ್ಲ."

"ಬರೇ ಫೋನ್ ನೋಡಿ ನೋಡಿ ನಿನ್ನ ಕಣ್ಣು ಹೋಗ್ಯಾವ. ನಡಿ, ಮೊದಲು ದವಾಖಾನಿಗೆ ಹೋಗಿ ತೋರಿಸ್ಕೊ!"

"ನನಗ ಮೂವತ್ತೊಂದಣ್ಣಾ. ನನ್ನ ಕಣ್ಣು ಹೋಗ್ಯಾವಂತೀಯಲ್ಲ, ನಿನ್ನವು?"

"ನನ್ನವು? ನಾನು ಬಸ್ಸು ತಿರುವಿನ್ಯಾಗ ಇದ್ದಾಗ ಬೋರ್ಡ್ ಓದ್ತೀನಲೇ!"

ಜಗಳ ಕ್ಯಾಮೆರಾ ಬಿಟ್ಟು ಊರಿಗೆ ಏರಿತು. ಮಕ್ತಲ್‌ನವರು ಹಾಗೆ, ನಾರಾಯಣಪೇಟೆಯವರು ಹೀಗೆ ಎಂಬಲ್ಲಿಗೆ ಬಂತು. ಚಹಾ ತಂದ ಹೆಂಗಸು ಲೋಟ ತೆಗೆದುಕೊಳ್ಳುವುದು ಬಿಟ್ಟು ನಿಂತು ನೋಡಿದಳು. ಕೊನೆಗೆ ಗುರುಪ್ರಸಾದ ಕ್ಯಾಮೆರಾ ಕಸಿದುಕೊಂಡು, ಕಣ್ಣು ಹಚ್ಚುವ ಜಾಗದ ಬದಿಯಲ್ಲಿದ್ದ ಸಣ್ಣದೊಂದು ಚಕ್ರವನ್ನು ಉಗುರಿನಿಂದ ತಿರುವಿದ.

"ಹಾಂ, ಈಗ ಬಂತು. ಈಗ ನೋಡಣ್ಣಾ."

ಶಿವಕಾಂತ ನೋಡಿದ. ಒಳಗೆ ಮಂಜು. ಮದ್ದೂರಿನ ಅದೇ ಮಂಜು.

"ಲೇ, ಏನ್ ಮಾಡಿದ್ಯೋ! ಚಿನ್ನದಂಥಾ ಕ್ಯಾಮೆರಾ ಕೆಡಿಸಿದ್ಯಲ್ಲೋ!"

ಮಾರೆಪ್ಪ ಎದ್ದು ಬಂದು ಕ್ಯಾಮೆರಾ ತೆಗೆದುಕೊಂಡು ತಾನೂ ನೋಡಿದ. ಅವನಿಗೂ ಮಬ್ಬೇ ಕಂಡಿತು. ಚಕ್ರವನ್ನು ಹಿಂದಕ್ಕೆ ತಿರುವಿ ಶಿವಕಾಂತನ ಕೈಗೆ ಕೊಟ್ಟ. ಶಿವಕಾಂತ ನೋಡಿದ, ಮೀಸೆ ಬಂತು, ಬಿಳಿಗೂದಲೂ ಬಂತು. ಗುರುಪ್ರಸಾದ ನೋಡಿದ, ಅವನಿಗೆ ಮಬ್ಬು.

"ಕಾಂತಣ್ಣಾ," ಎಂದ ಮಾರೆಪ್ಪ, ಬಾಣಂತಿಯ ಕೋಣೆಯಲ್ಲಿ ಮಾತಾಡುವಷ್ಟು ಮೆತ್ತಗೆ. "ಆ ಚಕ್ರ ನೋಡೋರ ಕಣ್ಣಿಗೆ ಹೊಂದಿಸ್ಕೊಳ್ಳಾಕ ಕೊಟ್ಟಿರ್ತಾರ. ನಾನು ನನ್ನ ಚಾಳೀಸ್ ಕಣ್ಣಿಗೆ ಹೊಂದಿಸಿಟ್ಟೀನಿ. ನಾನೂ ನೀನೂ ಒಂದ ವಾರಿಗಿ, ಒಂದ ವಯಸ್ಸು."

"ನಾನು ಬಸ್ಸಿನ ಬೋರ್ಡು..."

"ದೂರದ್ದು ನನಗೂ ಕಾಣಿಸ್ತೈತಿ," ಎಂದು ಮಾರೆಪ್ಪ ಹಣೆಯ ಮೇಲಿನ ಚಾಳೀಸು ತೆಗೆದು ಶಿವಕಾಂತನ ಮೂಗಿಗೇರಿಸಿ, ಮೇಜಿನ ಮೇಲಿದ್ದ ಲಗ್ನಪತ್ರಿಕೆಯೊಂದನ್ನು ಕೈಗಿಟ್ಟ. ಶಿವಕಾಂತ ರೂಢಿಯಂತೆ ಕೈ ಚಾಚಿ ದೂರ ಹಿಡಿದ. ನಿಧಾನವಾಗಿ ಹತ್ತಿರ ತಂದ. ಕಾರ್ಡಿನ ತೀರ ಕೆಳಗೆ ಇರುವೆಯಷ್ಟು ಸಣ್ಣಗಿದ್ದ ಪ್ರೆಸ್ಸಿನ ಹೆಸರೂ ಓದಲು ಬಂತು. ಸಾಯುವಷ್ಟು ನಾಚಿಕೆಯಾಯಿತು.

ಗುರುಪ್ರಸಾದ ಅಷ್ಟರಲ್ಲಿ ಚೀಲದಿಂದ ಶಿವಕಾಂತನ ಹಳೆಯ ಕ್ಯಾಮೆರಾ ತೆಗೆದಿದ್ದ. "ಈ ಚಕ್ರ ಇದಕ್ಕೂ ಐತಿ ಅಣ್ಣಾ. ಎಲ್ಲಾ ಕ್ಯಾಮೆರಾಕ್ಕೂ ಇರ್ತೈತಿ." ತಿರುವಲು ನೋಡಿದ, ಅಲುಗಲಿಲ್ಲ. ಹತ್ತಿರ ಹಿಡಿದು ನೋಡಿದ. ಚಕ್ರದ ಸಂದಿನಲ್ಲಿ ಅರಿಶಿನದ ಅಕ್ಕಿಕಾಳೊಂದು ಬಲವಾಗಿ ಕೂತಿತ್ತು. ವಧೂವರರು ಒಬ್ಬರ ತಲೆಯ ಮೇಲೊಬ್ಬರು ಸುರಿಯುವ ತಲಂಬ್ರಾಲಿನ ಅಕ್ಕಿ, ಯಾವ ವರ್ಷದ ಯಾರ ಮದುವೆಯದೋ. ಆ ಹೊತ್ತಿನ ಫೋಟೋಕ್ಕೆ ಶಿವಕಾಂತ ಯಾವಾಗಲೂ ಜೋಡಿಯ ಮೇಲೇ ಬಿದ್ದಂತೆ ನಿಲ್ಲುತ್ತಿದ್ದ.

ಮಾರೆಪ್ಪ ತನ್ನ ಹಳೆಯದೊಂದು ಚಾಳೀಸನ್ನು ಕೊಟ್ಟು ಬಾಗಿಲವರೆಗೆ ಬಂದ. ಅಲ್ಲಿ ನಿಂತು, ಬಹಳ ಹೊತ್ತಿನಿಂದ ತಲೆಯಲ್ಲಿ ಕೂತಿದ್ದ ಒಂದು ಮಾತು ಕೇಳಿದ.

"ಎರಡು ವರ್ಷದಿಂದ ಹಿಂಗ ಮಬ್ಬು ಕಾಣಿಸ್ತಿತ್ತು ಅಂದ್ರ, ಆಲ್ಬಂ ಒಂದ ಯಾಕ ವಾಪಸ್ ಬಂತು ಕಾಂತಣ್ಣಾ?"

ಬಸ್ಸಿನಲ್ಲಿ ಗುರುಪ್ರಸಾದ, ಈ ಸಂಗತಿ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲವೆಂದು ಆಣೆ ಮಾಡಿ, ಡ್ಯಾಮು ದಾಟುವಷ್ಟರಲ್ಲಿ ಇಬ್ಬರಿಗೆ ಫೋನಿನಲ್ಲಿ ಹೇಳಿದ್ದ. ಶಿವಕಾಂತ ಅದನ್ನು ಕೇಳಿಸಿಕೊಳ್ಳಲೂ ಇಲ್ಲ. ಅವನ ಕಿವಿಯಲ್ಲಿ ಮಾರೆಪ್ಪನ ಪ್ರಶ್ನೆಯೊಂದೇ ಇತ್ತು.

ಮಕ್ತಲ್ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಸ್ಟುಡಿಯೋದ ಮುಂದಿನ ಅರ್ಧದಲ್ಲಿ ವೆಂಕಪ್ಪ ಮಂಡಿಯೂರಿ ನೆಲ ಅಳೆಯುತ್ತಿದ್ದ. ಉಮಾಶ್ರೀ ರವಿಕೆಗಳ ಗಂಟು ಕಟ್ಟಿ, ಕಂಪ್ಯೂಟರಿನ ಮೇಲೆ ಹಳೆಯ ಸೀರೆ ಮುಚ್ಚಿ, ಮಷೀನಿನ ಮುಂದೆ ಸುಮ್ಮನೆ ಕೂತಿದ್ದಳು. ಅವಳ ಕಣ್ಣು ಕಿಟಕಿಯ ಹೊರಗಿತ್ತು.

"ಒಂದು ಸೂಜಿ ಕೊಡು," ಎಂದ ಶಿವಕಾಂತ.

ಅವಳು ಕೊಟ್ಟಳು. ಅವನು ಮೂಲೆಗೆ ಹೋಗಿ, ಬೆನ್ನು ಮಾಡಿ ನಿಂತು, ಮಾರೆಪ್ಪನ ಚಾಳೀಸು ಏರಿಸಿ, ಅಕ್ಕಿಕಾಳನ್ನು ಮೀಟಿ ತೆಗೆದ. ಚಾಳೀಸು ಜೇಬಿಗೆ ಸೇರಿಸಿ, ಇತ್ತ ತಿರುಗಿ, ಕ್ಯಾಮೆರಾಕ್ಕೆ ಕಣ್ಣು ಹಚ್ಚಿ, ಚಕ್ರ ತಿರುವಿದ. ಒಳಗೆ ಕಿಟಕಿ ಕಂಡಿತು. ಕಿಟಕಿಯ ಬೆಳಕಿನಲ್ಲಿ ಹೆಂಡತಿ ಕಂಡಳು, ಎರಡು ವರ್ಷದಲ್ಲಿ ಕಾಣದಷ್ಟು ಸ್ಪಷ್ಟವಾಗಿ. ಕಣ್ಣಿನ ಕೆಳಗೆ ಕಾಡಿಗೆ ಹರಿದು ಕಪ್ಪಾಗಿತ್ತು. ಅತ್ತಿದ್ದಳು ಅಂತ ಗೊತ್ತಾಯಿತು.

ಅವನಿಗೆ ಕ್ಯಾಮೆರಾ ಇಳಿಸಲು ಧೈರ್ಯ ಬರಲಿಲ್ಲ. ಹಾಗೇ ಹಿಡಿದುಕೊಂಡು ಕೇಳಿದ.

"ಉಮಾ, ನನ್ನ ಫೋಟೋ ಎರಡು ವರ್ಷದಿಂದ ಮಬ್ಬು ಬರ್ತಿದ್ವೇನು?"

ವೆಂಕಪ್ಪನ ಟೇಪು ನಿಂತಿತು. ಉಮಾಶ್ರೀ ಎದ್ದು, ಕಂಪ್ಯೂಟರಿನ ಮೇಲಿನ ಸೀರೆ ತೆಗೆದು, ಚಾಲೂ ಮಾಡಿ, ಎರಡು ಚಿತ್ರ ಪಕ್ಕಪಕ್ಕಕ್ಕೆ ತೆರೆದಳು. ಶಿವಕಾಂತ ಚಾಳೀಸು ಹಾಕಿಕೊಂಡು ಬಗ್ಗಿದ. ಎರಡರಲ್ಲೂ ಅದೇ ಮದುಮಗಳು. ಎಡಗಡೆಯವಳ ಮೇಲೆ ಮಂಜು, ಬಲಗಡೆಯವಳು ಬೆಳಗಿದ ಹಿತ್ತಾಳೆಯಂತಿದ್ದಳು.

"ಎಡಗಡೆದು ನೀವು ತಗದದ್ದು. ಬಲಗಡೆದು ನಾನು ಒಂದೊಂದ ರೆಪ್ಪಿ ತಿದ್ದಿದ್ದು," ಎಂದಳು. "ನಾಕು ಹೊಡದಿದ್ರ ಒಂದು ಛಲೋ ಇರ್ತಿತ್ತು, ಅದನ್ನ ದೊಡ್ಡದು ಮಾಡ್ತಿದ್ದೆ. ತೀರಾ ಕೆಟ್ಟಿದ್ರ ಸಣ್ಣದು ಮಾಡಿ ಮೂಲಿಗೆ ಇಡ್ತಿದ್ದೆ. ಸಣ್ಣದು ಮಾಡಿದ್ರ ಮಬ್ಬು ಗೊತ್ತಾಗಂಗಿಲ್ಲ."

"ಮದ್ದೂರಿಂದು?"

"ಆವಾಗ ನಾನು ಉಟ್ಕೂರ್‌ದಾಗ ಇದ್ನಲ್ರಿ."

ಶಿವಕಾಂತ ಕುರ್ಚಿ ಎಳೆದು ಕುಳಿತ. ಇಷ್ಟು ದಿನ ನಾರಾಯಣಪೇಟೆಯಿಂದ ಗದ್ವಾಲದವರೆಗೆ ಹೊತ್ತು ತಿರುಗಿದ ಹೆಸರು ಈ ಕಿಟಕಿಯ ಕೆಳಗೆ ತಯಾರಾಗುತ್ತಿತ್ತು. ಆ ಜಾಗವನ್ನೇ ಖಾಲಿ ಮಾಡಿಸಲು ಅವನು ಅಳತೆಯ ಟೇಪು ತರಿಸಿದ್ದ.

"ನನಗ್ಯಾಕ ಹೇಳ್ಲಿಲ್ಲ?"

"ಹೇಳೀನ್ರಿ, ಮೂರು ಸಲ. ಮೊದಲ್ನೇ ಸಲ ಕಂಪ್ಯೂಟರ್ ಹಳೇದಾತು ಅಂದ್ರಿ. ಎರಡ್ನೇ ಸಲ ಲ್ಯಾಬಿನವ್ರನ್ನ ಬೈದ್ರಿ. ಮೂರ್ನೇ ಸಲ ನನಗ ಕಣ್ಣು ತೋರಿಸ್ಕೊ ಅಂದ್ರಿ. ತೋರಿಸ್ಕೊಂಡು ಬಂದೆ. ನನ್ನವು ಛಲೋ ಅದಾವಂತ."

ವೆಂಕಪ್ಪ ನಗು ತಡೆಯಲಾರದೆ ಕೆಮ್ಮಿದ. "ಅಣ್ಣಾ, ಅಳತಿ ಮುಗೀತು. ಕೌಂಟರ್ ಈ ಕಿಟಕಿ ಕೆಳಗ ಛಲೋ ಕುಂದ್ರತೈತಿ."

"ಹಿಂದಿನ ಖೋಲಿ ಅಳತಿ ತಗೊ, ವೆಂಕಪ್ಪಾ."

"ಅಲ್ಲಿ ಬೆಳಕಿಲ್ಲಲ್ಲಣ್ಣಾ!"

"ಟ್ಯೂಬ್‌ಲೈಟ್ ಹಾಕಿಸಿಕೊಡ್ತೀನಿ."

ವೆಂಕಪ್ಪ ಟೇಪು ಸುತ್ತಿಕೊಂಡು ಗೊಣಗುತ್ತ ಹೋದ. ಶಿವಕಾಂತ ಫೋನಿನಲ್ಲೇ ಮಾರೆಪ್ಪನನ್ನು ಒಪ್ಪಿಸಿ, ಆಮೇಲೆ ಚನ್ನವೀರಮ್ಮನಿಗೆ ಹಚ್ಚಿ, ಫುಲ್ ಫ್ರೇಮ್ ಬರುತ್ತದೆ, ಅದರ ಜೊತೆ ಗದ್ವಾಲದಿಂದ ಅದರ ಯಜಮಾನನೂ ಬರುತ್ತಾನೆ, ಆಲ್ಬಂ ಮಾತ್ರ ನಮ್ಮ ಮನೆಯವಳೇ ಮಾಡುತ್ತಾಳೆ ಎಂದ. "ಅದಕ್ಕ ನಿಮ್ಮ ಕಡೆ ಬಂದದ್ರಿ," ಎಂದಳು ಚನ್ನವೀರಮ್ಮ. "ಫೋಟೋ ಏನು, ಎಲ್ಲಾರೂ ತಗೀತಾರ." ಶಿವಕಾಂತ ಅದನ್ನೂ ನುಂಗಿಕೊಂಡ. ಆಮೇಲೆ ಲೆನ್ಸಿನ ಮೇಲಿನ ಕರಿ ಟೇಪಿನ ತುದಿಯನ್ನು ಸ್ವಲ್ಪ ಎಬ್ಬಿಸಿ ನೋಡಿ, ಇವತ್ತಿಗೆ ಇಷ್ಟು ಸಾಕೆಂದು ಮತ್ತೆ ಒತ್ತಿ ಅಂಟಿಸಿದ.

ಉಮಾಶ್ರೀ ರವಿಕೆಗಳ ಗಂಟು ಬಿಚ್ಚುತ್ತಿದ್ದಳು. ಅಕ್ಕಿಕಾಳು ತೆಗೆದ ಸೂಜಿ ಇನ್ನೂ ಅವನ ಕೈಯಲ್ಲೇ ಇತ್ತು. ಕಿಟಕಿಯ ಬಳಿ ಹೋಗಿ ಬೆಳಕಿಗೆ ನಿಂತು, ಹಸಿರು ದಾರದ ಉಂಡೆ ತೆಗೆದುಕೊಂಡು, ತುದಿಯನ್ನು ಬಾಯಲ್ಲಿ ತೇವ ಮಾಡಿ ಸೂಜಿಯ ಕಣ್ಣಿಗೆ ಹಿಡಿದ. ಒಂದೇ ಸಲಕ್ಕೆ ಹೋಯಿತು. ಅವಳ ಮುಂದೆ ಚಾಚಿದ.

ಅವಳು ಸೂಜಿ ನೋಡಿದಳು, ಅವನ ಮೂಗಿನ ಮೇಲೆ ಜಾರುತ್ತಿದ್ದ ಮಾರೆಪ್ಪನ ಚಾಳೀಸು ನೋಡಿದಳು.

"ಪುರುಸೊತ್ತಾತೇನ್ರಿ?" ಎಂದಳು.